ಮೋಟಾರಿಗಿಂತ ಮೊದಲು ಸ್ಪ್ರಿಂಗ್ ನೋಡಿ

ಪ್ರಶ್ನೆ: ಸರ್, ನಾವಿರುವುದು ಕ್ಯಾಲಿಫೋರ್ನಿಯಾದ ಫೋಲ್ಸಮ್‌ನಲ್ಲಿ. ಎರಡು ಕಾರು ನಿಲ್ಲುವ ಗ್ಯಾರೇಜು, ಬಾಗಿಲು ಒಂದೇ. 16 ಅಡಿ ಅಗಲ, 8 ಅಡಿ ಎತ್ತರ. ಹಳೆಯ ಅರ್ಧ ಎಚ್‌ಪಿ ಓಪನರ್ (ಬಾಗಿಲನ್ನು ಎತ್ತಿ ಇಳಿಸುವ ಮೋಟಾರು) ಈಗ ಬಾಗಿಲನ್ನು ಅರ್ಧ ಎತ್ತಿ ನಿಂತುಬಿಡುತ್ತದೆ. ಒಂದೂಕಾಲು ಎಚ್‌ಪಿಯದು ಹಾಕಿಸಿ ಅಂತ ಅಂಗಡಿಯವರು ಹೇಳುತ್ತಿದ್ದಾರೆ. ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಅತ್ತೆ ಮಲಗುತ್ತಾರೆ, ಸದ್ದಾದರೆ ಅವರಿಗೆ ಎಚ್ಚರವಾಗುತ್ತದೆ. ಯಾವುದು ತೆಗೆದುಕೊಳ್ಳಲಿ?

ಉತ್ತರ: ದುಡ್ಡು ಕೊಡುವ ಮುಂಚೆ ಒಂದು ಕೆಲಸ ಮಾಡಿ. ಬಾಗಿಲು ಪೂರ್ತಿ ಮುಚ್ಚಿರಲಿ. ಸೂರಿನಡಿ ಓಪನರ್ ಬಾಗಿಲನ್ನು ಎಳೆಯುವ ಉದ್ದನೆಯ ಹಳಿಯಿಂದ ಒಂದು ಕೆಂಪು ಹಗ್ಗ ನೇತಾಡುತ್ತಿರುತ್ತದಲ್ಲ, ಅದನ್ನು ಎಳೆಯಿರಿ. ಮೋಟಾರು ಬಿಟ್ಟುಕೊಳ್ಳುತ್ತದೆ. ಈಗ ಬಾಗಿಲನ್ನು ಕೈಯಲ್ಲೇ ಸೊಂಟದ ಮಟ್ಟಕ್ಕೆ ಎತ್ತಿ, ಮೆಲ್ಲಗೆ ಹಿಡಿತ ಸಡಿಲಿಸಿ. ಬಾಗಿಲಿನ ಕೆಳಗೆ ಕಾಲಿಡಬೇಡಿ. ಬಾಗಿಲು ಅಲ್ಲೇ ನಿಂತರೆ ಸರಿ ಇದೆ. ಕೆಳಗೆ ಜಾರಿದರೆ, ಅಥವಾ ಎತ್ತಲಿಕ್ಕೇ ಆಗದಿದ್ದರೆ, ಪಾಪ, ಮೋಟಾರಿನದೇನೂ ತಪ್ಪಿಲ್ಲ, ಸೋತಿರುವುದು ಬಾಗಿಲಿನ ಭಾರ ಹೊರುವ ಸ್ಪ್ರಿಂಗ್. (ಬಾಗಿಲು ಮೇಲಿರುವಾಗ ಮಾತ್ರ ಆ ಹಗ್ಗಕ್ಕೆ ಕೈ ಹಾಕಬೇಡಿ. ಸ್ಪ್ರಿಂಗ್ ಮುರಿದಿದ್ದರೆ ಬಾಗಿಲು ಧಡ್ ಅಂತ ಬೀಳುತ್ತದೆ.)

ಹುಬ್ಬಳ್ಳಿಯಲ್ಲಿ ಇಡೀ ಆಯುಷ್ಯ ಮೋಟಾರ್ ರಿಪೇರಿ ಮಾಡಿದವನು ನಾನು. ಎಚ್‌ಪಿ ಜಾಸ್ತಿ ಅಂದರೆ ನನಗೂ ಖುಷಿಯೇ. ಆದರೆ ಡಾಲಸ್‌ನಲ್ಲಿ ಮಗಳ ಮನೆಯ ಬಾಗಿಲನ್ನು ಈ ವಯಸ್ಸಿನಲ್ಲಿ ಒಂದೇ ಕೈಯಲ್ಲಿ ಎತ್ತಿದ್ದೇನೆ. ಅದು ನನ್ನ ತಾಕತ್ತಲ್ಲ. ಬಾಗಿಲಿನ ಮೇಲುಗಡೆ ಗೋಡೆಗೆ ಅಡ್ಡಲಾಗಿ ಒಂದು ಸರಳು, ಅದರ ಮೇಲೆ ಬಿಗಿಯಾಗಿ ತಿರುಚಿಟ್ಟ ಸ್ಪ್ರಿಂಗ್. ಭಾರ ಹೊರುವುದು ಅದು. ಮೋಟಾರಿಗೆ ಬಾಗಿಲನ್ನು ಆಚೀಚೆ ನಡೆಸುವುದಷ್ಟೇ ಕೆಲಸ.

ಸಾಮಾನ್ಯ ಸ್ಪ್ರಿಂಗ್ ಸುಮಾರು 10,000 ಸಲ ಏರಿಳಿಯುವ ಲೆಕ್ಕದಲ್ಲಿ ತಯಾರಾಗುತ್ತದೆ. ದಿನಕ್ಕೆ ನಾಲ್ಕು ಸಲ ಬಾಗಿಲು ತೆಗೆದು ಮುಚ್ಚಿದರೆ ಏಳು ವರ್ಷಕ್ಕೆ ಅದರ ಕತೆ ಮುಗಿಯಿತು. ಅದನ್ನು ಹಾಗೇ ಬಿಟ್ಟು ಒಂದೂಕಾಲು ಎಚ್‌ಪಿ ಹಾಕಿಸಿದರೆ ಬಾಗಿಲೇನೋ ಏರುತ್ತದೆ. ಆದರೆ ಮೋಟಾರಿನ ಗೇರು ಸವೆಯುತ್ತದೆ, ಮೇಲಿನ ತಗಡು ಬಗ್ಗುತ್ತದೆ. ಸರಳಿನ ಮೇಲೆ ಎರಡು ಸ್ಪ್ರಿಂಗ್ ಇದ್ದರೆ ಎರಡನ್ನೂ ಒಟ್ಟಿಗೇ ಬದಲಾಯಿಸಿ, ಎರಡಕ್ಕೂ ಒಂದೇ ವಯಸ್ಸು ಅಲ್ವಾ? ಈ ಕೆಲಸಕ್ಕೆ ಗೊತ್ತಿರುವವರನ್ನೇ ಕರೆಸಿ. ವಿಡಿಯೊ ನೋಡಿಕೊಂಡು ಸ್ಪ್ಯಾನರ್ ಹಿಡಿಯಬೇಡಿ, ತಿರುಚಿಟ್ಟ ಸ್ಪ್ರಿಂಗ್ ಕೈ ಮುರಿಯುತ್ತದೆ.

ಬಾಗಿಲಿನ ತೂಕ ಸರಿಹೋದ ಮೇಲೆ ಓಪನರ್ ಆರಿಸುವುದು ಸಲೀಸು. ನಿಮ್ಮದು ಬರೀ ಉಕ್ಕಿನ ತಗಡಾದರೆ ಅರ್ಧ ಎಚ್‌ಪಿಯೇ ಎಳೆಯುತ್ತದೆ. ಒಳಗೆ ಇನ್ಸುಲೇಶನ್ (ಬಿಸಿ, ಚಳಿ ತಡೆಯುವ ಪದರ) ಇದ್ದರೆ, ಎತ್ತರ ಬೇರೆ 8 ಅಡಿ, ಮುಕ್ಕಾಲು ತೆಗೆದುಕೊಳ್ಳಿ. ಒಂದೂಕಾಲು ಬೇಕಾಗುವುದು ಗಟ್ಟಿ ಮರದ ಬಾಗಿಲಿಗೆ.

ಅಂಗಡಿಯಲ್ಲಿ ಮರೆಯುವುದು ಹಳಿಯ ಉದ್ದವನ್ನು. ಡಬ್ಬದೊಳಗೆ ಸಾಮಾನ್ಯವಾಗಿ ಬರುವುದು 7 ಅಡಿ ಬಾಗಿಲಿಗೆ ಸಾಕಾಗುವ ಹಳಿ. 8 ಅಡಿಗೆ ಉದ್ದದ ಹಳಿಯನ್ನೋ ಜೋಡಿಸುವ ತುಂಡನ್ನೋ ಬೇರೆ ಕೇಳಿ ತರಬೇಕು. ಬೆಲ್ಟಿನ ಓಪನರ್ ಆದರೆ ಬೆಲ್ಟೂ ಆ ಉದ್ದಕ್ಕೆ ಸರಿಯಾಗಿರಬೇಕು. ಇನ್ನೊಂದು, 16 ಅಡಿ ಅಗಲದ ಬಾಗಿಲಿನ ಮೇಲಿನ ಪಟ್ಟಿಗೆ ಉದ್ದಕ್ಕೂ ಒಂದು ಉಕ್ಕಿನ ಆಸರೆ ಪಟ್ಟಿ ಇದೆಯಾ ನೋಡಿ. ಓಪನರ್ ಎಳೆಯುವುದು ನಟ್ಟನಡುವೆ. ಆಸರೆ ಇಲ್ಲದಿದ್ದರೆ ಅಲ್ಲೇ ಮಡಚಿಕೊಳ್ಳುತ್ತದೆ.

ಅತ್ತೆಯವರ ನಿದ್ದೆಯ ವಿಷಯಕ್ಕೆ ಬಂದರೆ ಚೈನ್ ಬೇಡವೇ ಬೇಡ. ಅಗ್ಗ, ಗಟ್ಟಿ, ಆದರೆ ಗಡಗಡ ಅನ್ನುತ್ತದೆ. ರಬ್ಬರ್ ಬೆಲ್ಟು, ಡಿಸಿ ಮೋಟಾರು ಇರುವುದನ್ನು ನೋಡಿ. ಮೆಲ್ಲಗೆ ಶುರುವಾಗಿ ಮೆಲ್ಲಗೆ ನಿಲ್ಲುತ್ತದೆ. ಕೈ ಬಿಚ್ಚಿ ಖರ್ಚು ಮಾಡುವಂತಿದ್ದರೆ ಬಾಗಿಲಿನ ಪಕ್ಕದ ಗೋಡೆಗೆ ಕೂರಿಸಿ ಸರಳನ್ನೇ ತಿರುಗಿಸುವ ಓಪನರ್ ಸಿಗುತ್ತದೆ. ಸೂರಿಗೆ ಏನೂ ನೇತುಹಾಕುವುದಿಲ್ಲ, ಹಾಗಾಗಿ ಅದುರಾಟ ಮೇಲಿನ ಕೋಣೆಗೆ ಅಷ್ಟಾಗಿ ಹೋಗುವುದಿಲ್ಲ. ನನ್ನ ಓಟು ಅದಕ್ಕೇ. ಸರಳಿನ ಪಕ್ಕದಲ್ಲಿ ಜಾಗ ಇದೆಯಾ ಅಂತ ಮೊದಲು ಅಳೆಸಿ.

ಬ್ಯಾಟರಿ ಬೇಕಾ ಅಂತ ಯೋಚಿಸುವ ಹಾಗೇ ಇಲ್ಲ. 2017ರ ಕಾಳ್ಗಿಚ್ಚಿನಲ್ಲಿ ಕರೆಂಟ್ ಹೋಗಿ ಗ್ಯಾರೇಜ್ ತೆಗೆಯಲಾಗದೆ ಜನ ಸಿಕ್ಕಿಹಾಕಿಕೊಂಡರು. ಅದಾದ ಮೇಲೆ ನಿಮ್ಮ ರಾಜ್ಯ ಕಾನೂನು ಮಾಡಿತು. 2019ರ ಜುಲೈಯಿಂದ ಅಲ್ಲಿ ಮನೆಗೆ ಹಾಕುವ ಹೊಸ ಓಪನರ್‌ಗೆ ಬ್ಯಾಟರಿ ಇರಲೇಬೇಕು. ಬಾಗಿಲಿನ ಎರಡೂ ಬದಿ ನೆಲದಿಂದ 6 ಇಂಚಿನೊಳಗೆ ಕೂರಿಸುವ, ಏನಾದರೂ ಅಡ್ಡ ಬಂದರೆ ಬಾಗಿಲನ್ನು ವಾಪಸ್ ಎತ್ತಿಸುವ ಬೆಳಕಿನ ಕಣ್ಣುಗಳು 1993ರಿಂದಲೇ ಇವೆ. ಮುಚ್ಚುವಾಗ ಬಾಗಿಲು ವಾಪಸ್ ಮೇಲೆ ಹೋದರೆ ಮೊದಲು ಆ ಕಣ್ಣು ಒರೆಸಿ. ಸಂಜೆ ಬಿಸಿಲು ನೇರ ಬಿದ್ದರೂ ಹಾಗಾಗುತ್ತದೆ.

ಪ್ರಶ್ನೆ: ಸರ್, ತುಮಕೂರಿನಲ್ಲಿ ನಮ್ಮ ಕಾರ್ ಶೆಡ್‌ಗೆ ದೊಡ್ಡ ರೋಲಿಂಗ್ ಶಟರ್ ಇದೆ. ಮೋಟಾರ್ ಹಾಕಿಸಬೇಕು. ಕರೆಂಟ್ ಆಗಾಗ ಹೋಗುತ್ತದೆ.

ಉತ್ತರ: ನಿಮ್ಮದು ಸುತ್ತಿಕೊಳ್ಳುವ ಬಾಗಿಲು, ಲೆಕ್ಕವೇ ಬೇರೆ. ಪಕ್ಕದಲ್ಲಿ ಕೂರಿಸುವ ಸೈಡ್ ಮೋಟಾರು ಭಾರವನ್ನು ತಾನೇ ಎತ್ತುತ್ತದೆ. ಅದಕ್ಕೇ ಅದನ್ನು ಎಚ್‌ಪಿಯಲ್ಲಿ ಅಲ್ಲ, 300, 600 ಅಂತ ಕೆಜಿಯಲ್ಲಿ ಮಾರುತ್ತಾರೆ. ಶಟರ್ ಮಾಡಿದವರಿಂದ ತೂಕ ಕೇಳಿ, ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನು ತನ್ನಿ. ಕರೆಂಟ್ ಇಲ್ಲದಾಗ ಎಳೆಯುವ ಕೈ ಚೈನು ಇರಲೇಬೇಕು, ಅದೂ ಒಳಗಿನಿಂದ ಸಲೀಸಾಗಿ ಕೈಗೆ ಸಿಗುವ ಹಾಗೆ. ಶೆಡ್‌ಗೆ ಬೇರೆ ಬಾಗಿಲಿಲ್ಲ ಅಂದರೆ ಮೊದಲು ಅದನ್ನು ಇಡಿಸಿ. ಹೊರಗೆ ನಿಂತವರಿಗೆ ಒಳಗಿನ ಚೈನು ಎಟುಕುವುದಿಲ್ಲ.