ಫೈನ್ ಎಂದರೇನು ಎಂದು ಕೇಳಿದ ತಮ್ಮನಂಥ ಹುಡುಗನಿಗೆ

ತಮ್ಮಾ,

ನಿನ್ನ ಪತ್ರ ಓದಿದೆ. ಮೈಸೂರಿನಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಹನ್ನೆರಡು ದಿನವಾಯಿತು, ಎದುರಾದವರೆಲ್ಲ 'ಆಲ್ ರೈಟ್?' ಎಂದು ಕೇಳುತ್ತಾರೆ, ನೀನು ನಿಂತು ನೆಗಡಿಯ ವಿಷಯ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಬಾಗಿಲು ದಾಟಿರುತ್ತಾರೆ ಎಂದು ಬರೆದಿದ್ದೀಯೆ. ಮನೆಯೊಡತಿ 'ಫೈನ್' ಎಂದರು, ಪ್ರಾಧ್ಯಾಪಕರು ನಿನ್ನ ಬರಹ ನೋಡಿ 'ಫೈನ್' ಎಂದರು, ಟಿವಿ ಪರವಾನಗಿಯ ಪತ್ರದಲ್ಲಿ ಸಾವಿರ ಪೌಂಡ್‌ವರೆಗೆ 'ಫೈನ್' ಎಂದಿದೆ. ಈ ಒಂದು ಪದಕ್ಕೆ ಎಷ್ಟು ಅರ್ಥ, ನಾನು ಯಾವುದನ್ನು ಬಳಸಲಿ ಎಂದು ಕೇಳಿದ್ದೀಯೆ. ಜೊತೆಗೆ ಕೋಟು, ಕುಕ್ಕರ್, ಮನೆಯ ಮುಂಗಡ.

ಕೋಟು ಇಲ್ಲಿಯೇ ಕೊಂಡುಕೋ, ಊರಿನ ಸ್ವೆಟರ್ ಈ ಗಾಳಿಗೆ ಸಾಲದು. ಕುಕ್ಕರ್ ಇಲ್ಲಿಯೂ ಸಿಗುತ್ತದೆ. ಮುಂಗಡದ ಹಣವನ್ನು ಮನೆಯೊಡತಿ 30 ದಿನದೊಳಗೆ ಸರ್ಕಾರ ಒಪ್ಪಿದ ಠೇವಣಿ ಯೋಜನೆಯಲ್ಲಿ ಇಡಬೇಕು. ಅದರ ಕಾಗದವನ್ನು ನಾಚಿಕೆಪಡದೆ ಕೇಳು. ಟಿವಿ ಪತ್ರಕ್ಕೆ ಹೆದರಬೇಡ. ನೇರಪ್ರಸಾರ ನೋಡುವುದಾದರೆ ಅಥವಾ ಬಿಬಿಸಿಯ ಆನ್‌ಲೈನ್ ಸೇವೆಯಾದ ಐಪ್ಲೇಯರ್ ಬಳಸುವುದಾದರೆ ಪರವಾನಗಿ ಬೇಕು. ಎರಡೂ ಇಲ್ಲದಿದ್ದರೆ ಬೇಡವೆಂದು ತಿಳಿಸಿಬಿಡು.

ಇನ್ನು ಆ ಪದ. ನಾನು ಮಂಡ್ಯದಿಂದ ಬಂದದ್ದು 2001ರ ಸೆಪ್ಟೆಂಬರ್‌ನಲ್ಲಿ. ನಮ್ಮ ಶಾಲೆಯಲ್ಲಿ ಫೈನ್ ಎಂದರೆ ದಂಡ, ಬೇರೆ ಅರ್ಥವೇ ಇರಲಿಲ್ಲ. ಶುಲ್ಕ ತಡವಾದರೆ ಫೈನ್, ಗ್ರಂಥಾಲಯದ ಪುಸ್ತಕ ತಡವಾದರೆ ಫೈನ್. ಇಲ್ಲಿಗೆ ಬಂದರೆ ಅದೇ ಪದ ಕ್ಷೇಮಕ್ಕೂ ಆಗುತ್ತದೆ. ಮಳೆಯಿಲ್ಲದ ದಿನವೂ ಫೈನ್, ನಯವಾಗಿ ಬೀಸಿದ ಹಿಟ್ಟೂ ಫೈನ್, ಕೂದಲೆಳೆಯಷ್ಟು ತೆಳುವಾದದ್ದೂ ಫೈನ್, ಕುಶಲದ ಕೆಲಸವೂ ಫೈನ್. ಮನಸ್ಸಿಲ್ಲದ ಮನಸ್ಸಿನಿಂದ 'ಆಗಲಿ ಬಿಡು' ಎನ್ನುವುದಕ್ಕೂ ಅದೇ. ಆಗ ಮಾತ್ರ ದನಿ ಗಿಡ್ಡವಾಗುತ್ತದೆ, ಕಿವಿಗೊಟ್ಟು ಕೇಳು. ಪ್ರಾಧ್ಯಾಪಕರು ಬರಹಕ್ಕೆ 'ಫೈನ್' ಎಂದರೆ ಹೊಗಳಿಕೆಯಲ್ಲ, ಸಾಕು ಎಂದಷ್ಟೇ. ನಿಜವಾಗಿ ಮೆಚ್ಚಿದರೆ ಕೆಲವರು 'ನಾಟ್ ಬ್ಯಾಡ್' ಎನ್ನುತ್ತಾರೆ. ಇದು ಅಭ್ಯಾಸವಾಗಲು ನನಗೆ ಎರಡು ವರ್ಷ ಬೇಕಾಯಿತು.

ಒಂದು ಪದಕ್ಕೆ ಇಷ್ಟು ಕೆಲಸವೇ ಎಂದು ಬೆರಗಾಗಬೇಡ. ನಮ್ಮ 'ಹದ'ವನ್ನು ನೋಡು. ಉಳುವ ಮಣ್ಣಿಗೆ ಹದ, ಕುಡುಗೋಲಿಗೆ ಹದ, ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿಯುವ ಪಾಕಕ್ಕೆ ಹದ. 'ನಯ'ವೂ ಹಾಗೆಯೇ: ನಯವಾದ ಹಿಟ್ಟು, ನಯವಾದ ಮಾತು. ನಾವು ಯಾರೂ ಕುಳಿತು ಲೆಕ್ಕ ಹಾಕಿಲ್ಲ.

'ಆಲ್ ರೈಟ್?' ಎಂದವರಿಗೆ ನೀನೂ 'ಆಲ್ ರೈಟ್' ಎಂದು ಹೇಳಿ ನಡೆ. ಅದು ನಮಸ್ಕಾರ, ಪ್ರಶ್ನೆಯಲ್ಲ. 'ಫೈನ್', 'ಓಕೆ', 'ನಾಟ್ ಟೂ ಬ್ಯಾಡ್', ಯಾವುದಾದರೂ ನಡೆಯುತ್ತದೆ. ಈ ಯಾರ್ಕ್‌ಷೈರ್‌ನ ಹಿರಿಯರು 'ಗ್ರ್ಯಾಂಡ್' ಎಂದಾರು, 'ಫೇರ್ ಟು ಮಿಡ್ಲಿಂಗ್' ಎಂದಾರು. ಕೊನೆಯದು ನಮ್ಮ 'ಏನೋ ನಡೆಯುತ್ತಿದೆ' ಎನ್ನುವುದಕ್ಕೆ ಬಹಳ ಹತ್ತಿರ. ಕೇಳಿದಾಗಲೆಲ್ಲ ನನಗೆ ಊರಿನ ಅರಳಿಕಟ್ಟೆ ನೆನಪಾಗುತ್ತದೆ.

ಯಾರದಾದರೂ ಮನೆಗೆ ಊಟಕ್ಕೆ ಹೋದಾಗ ಮಾತ್ರ ಎಚ್ಚರ. ಇನ್ನೂ ಸ್ವಲ್ಪ ಬಡಿಸಲೇ ಎಂದಾಗ 'ಐ ಆಮ್ ಫೈನ್' ಎಂದರೆ 'ಬೇಡ' ಎಂದರ್ಥ. ನಮ್ಮಲ್ಲಿ ಬೇಡವೆಂದವರಿಗೆ ಹೇಗೆ ಬಡಿಸುತ್ತಾರೆ ಎಂದು ನಿನಗೆ ಹೇಳಬೇಕಾಗಿಲ್ಲ. ಮೊದಲ ವಾರ ಸಹೋದ್ಯೋಗಿಯ ಮನೆಯಲ್ಲಿ ನಾನು ಉಪಚಾರಕ್ಕೆಂದು ಹಾಗೆ ಹೇಳಿದೆ, ಅವರು ಪಾತ್ರೆ ಎತ್ತಿಟ್ಟರು. ಅವರಲ್ಲಿ ತಪ್ಪಿರಲಿಲ್ಲ. ಹಸಿವಾಗಿದ್ದರೆ ಹಾಕಿ ಎಂದು ಹೇಳು.

ಪದದ ಬೇರನ್ನು ನಿಘಂಟಿನಲ್ಲಿ ಹುಡುಕಿದ್ದು ಬಹಳ ತಡವಾಗಿ, 2009ರಲ್ಲಿ. ಲ್ಯಾಟಿನ್ನಿನ 'ಫಿನಿಸ್' ಅದರ ಮೂಲ, ಎಂದರೆ ಕೊನೆ, ಎಲ್ಲೆ. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಕೊನೆ ಮುಟ್ಟುವವರೆಗೆ ತಿದ್ದಿದ್ದು, ಕುಂದಿಲ್ಲದ್ದು, ಆದ್ದರಿಂದ ಚೆಂದದ್ದು. ವ್ಯಾಜ್ಯವನ್ನು ಕೊನೆಗಾಣಿಸಲು ಕೊಡುವ ಹಣ, ಆದ್ದರಿಂದ ದಂಡ. ಫಿನಿಶ್, ಫೈನಲ್, ಫೈನಾನ್ಸ್ ಎಲ್ಲವೂ ಅದೇ ಬೇರಿನವು. ಸಕ್ಕರೆಯನ್ನು ಶುದ್ಧಗೊಳಿಸುವುದಕ್ಕೆ ಹೇಳುವ ರಿಫೈನ್ ಕೂಡ. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂದ ಮೇಲೆ ಕಬ್ಬು ಬೆಳೆದು ಬದುಕಿದ ಮನೆತನ ನಮ್ಮದು. ಆದರೂ ಆ ಪದದ ಒಳಗೆ 'ಕೊನೆ' ಕುಳಿತಿದೆಯೆಂದು ನನಗೆ ತಿಳಿದಿರಲಿಲ್ಲ.

ಆ ವರ್ಷವೇ ಏಕೆ ಹುಡುಕಿದೆ ಎಂದು ಹೇಳುತ್ತೇನೆ. ನೀನು ಕೇಳದಿದ್ದರೂ ನಿನಗೆ ಹೇಳಬೇಕಾದದ್ದು ಇದೇ.

ನಾನು ಬಂದ ಹೊಸದರಲ್ಲಿ ನಮ್ಮ ಮನೆಗೆ ಫೋನ್ ಇರಲಿಲ್ಲ. ಪ್ರತಿ ಭಾನುವಾರ ಐದು ಪೌಂಡಿನ ಕಾರ್ಡ್ ಗೀಚಿ ಊರಿನ ಅಂಗಡಿಗೆ ಫೋನ್ ಮಾಡುತ್ತಿದ್ದೆ. ಅಪ್ಪ ಗದ್ದೆಯಿಂದ ಬಂದು ಕಾಯುತ್ತಿದ್ದ. ಮೊದಲ ಮಾತು 'ಊಟ ಆಯಿತೇನಪ್ಪ?' ಆಮೇಲೆ ಏನು ಸಾರು, ಮುದ್ದೆಗೆ ಹಿಟ್ಟು ಸಿಕ್ಕಿತೇ, ಯಾರು ಮಾಡಿದರು. ಕಾರ್ಡಿನ ನಿಮಿಷಗಳು ಊಟದ ಮಾತಿನಲ್ಲಿಯೇ ಮುಗಿಯುತ್ತವಲ್ಲ ಎಂದು ನನಗೆ ಅಸಹನೆ. ಒಂದು ಭಾನುವಾರ ಹೇಳಿಯೇ ಬಿಟ್ಟೆ: 'ಅಪ್ಪ, ಇಲ್ಲಿ ಹೀಗೆಲ್ಲ ಕೇಳುವುದಿಲ್ಲ. ಚೆನ್ನಾಗಿದ್ದೀಯಾ ಎಂದರೆ ಫೈನ್ ಎಂದರೆ ಮುಗಿಯಿತು.'

ಅಪ್ಪ ಅದನ್ನು ಕಲಿತ. ಮಗ ಕಲಿಸಿದ ಇಂಗ್ಲಿಷ್ ಎಂದು ಅಂಗಡಿಯಲ್ಲಿ ಕುಳಿತವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ 'ಫೈನ್ ಕಣಪ್ಪ, ಫೈನ್' ಎನ್ನುತ್ತಿದ್ದ. ನನಗೂ ಅದು ಹೆಮ್ಮೆಯೇ. ಆಮೇಲೆ ಅವನಿಗೆ ಮೊಬೈಲ್ ಕೊಡಿಸಿದೆ, ಮಾತು ಅಗ್ಗವಾಯಿತು, ಆದರೆ ಊಟದ ಪ್ರಶ್ನೆ ಮತ್ತೆ ಬರಲಿಲ್ಲ. ನಾನೂ ಕೇಳಲಿಲ್ಲ.

2009ರ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಪ್ರತಿ ಭಾನುವಾರವೂ ಅಪ್ಪ ಫೈನ್. ಅವನು ಗಂಜಿ ಕುಡಿದು ಬದುಕಿದ್ದಾನೆ, ಯಾರಿಗೂ ಹೇಳಬೇಡ ಎಂದಿದ್ದಾನೆ ಎಂದು ಅಕ್ಕ ಕೊನೆಗೆ ಬಾಯಿಬಿಟ್ಟಳು. ಮೂರನೆಯ ದಿನ ಊರಿನಲ್ಲಿದ್ದೆ. ರಾತ್ರಿ ನನ್ನ ಜೊತೆ ಉಣ್ಣುತ್ತೇನೆಂದು ಹಟ ಮಾಡಿ ಎಲೆಯ ಮುಂದೆ ಕುಳಿತ. ಮುದ್ದೆಯಿಂದ ಅಡಿಕೆಯಷ್ಟೇ ತುತ್ತು ಮುರಿದ, ಬಸ್ಸಾರಿನಲ್ಲಿ ಅದ್ದಿದ, ಬಾಯಿಗಿಟ್ಟ. ಮುದ್ದೆಯನ್ನು ಅಗಿಯುವವರಲ್ಲ ನಾವು, ನುಂಗುವವರು. ಅದು ಇಳಿಯಲಿಲ್ಲ. ಕಣ್ಣು ಗೋಡೆಯ ಕಡೆಗೆ ಇಟ್ಟು ಸ್ವಲ್ಪ ಹೊತ್ತು ಹಾಗೆಯೇ ಕುಳಿತ, ಆಮೇಲೆ ಎಡಗೈ ಮರೆಮಾಡಿಕೊಂಡು ತುತ್ತನ್ನು ಹೊರತೆಗೆದು ಎಲೆಯ ಅಂಚಿನಲ್ಲಿಟ್ಟ. ನಾನು ನೋಡಿದೆನೆಂದು ಗೊತ್ತಾಯಿತು. 'ಫೈನ್ ಕಣಪ್ಪ' ಎಂದ.

ಅನ್ನನಾಳದಲ್ಲಿ ಗಡ್ಡೆ ಎಂದು ಮೈಸೂರಿನಲ್ಲಿ ಹೇಳಿದರು. ಹನ್ನೊಂದು ವಾರ ಇದ್ದ.

ಬೇಗ ತಿಳಿದಿದ್ದರೆ ಉಳಿಯುತ್ತಿದ್ದನೋ ಇಲ್ಲವೋ, ಅದನ್ನು ಕೇಳಿಕೊಳ್ಳುವುದನ್ನು ಬಿಟ್ಟಿದ್ದೇನೆ. ಇಷ್ಟು ಮಾತ್ರ ಬಲ್ಲೆ: 'ಏನು ಊಟ ಮಾಡಿದೆ ಅಪ್ಪ?' ಎಂದು ನಾನು ಕೇಳಿದ್ದರೆ ಅವನು ಸುಳ್ಳು ಹೇಳುತ್ತಿರಲಿಲ್ಲ. ಅನ್ನದ ವಿಷಯದಲ್ಲಿ ಸುಳ್ಳಾಡುವ ಮನುಷ್ಯನಲ್ಲ. ಮುದ್ದೆ ಇಳಿಯುತ್ತಿಲ್ಲ ಕಣಪ್ಪ ಎನ್ನುತ್ತಿದ್ದ. ಆ ಮಾತಿಗೆ ದಾರಿಯಿದ್ದ ಪ್ರಶ್ನೆಯನ್ನು ಅವನ ಬಾಯಿಂದ ಕಿತ್ತು, ಒಳಗೆ ಏನೂ ಕಾಣದ ಒಂದು ಪದವನ್ನು ಕೊಟ್ಟವನು ನಾನು.

ಇಲ್ಲಿನವರ 'ಫೈನ್' ಸುಳ್ಳು ಎನ್ನುತ್ತಿಲ್ಲ. ದಾರಿಯಲ್ಲಿ ಸಿಕ್ಕವರಿಗೆ ಅಷ್ಟೇ ಸಾಕು. ಹತ್ತಿರದವರನ್ನು ಅವರೂ ಬೇರೆ ರೀತಿಯಲ್ಲಿ ಕೇಳುತ್ತಾರೆ. ಪಕ್ಕದ ಮನೆಯ ಅಜ್ಜಿ ಕೆಟಲ್ ಇಟ್ಟು, ಕುರ್ಚಿ ಎಳೆದು ಕೂರಿಸಿ ಮತ್ತೊಮ್ಮೆ ಕೇಳುತ್ತಾರೆ. ಆ ಎರಡನೆಯ ಬಾರಿಗೆ ನಿಜ ಹೇಳು. ಓದು ಹತ್ತದಿದ್ದರೆ, ದುಡ್ಡು ಸಾಲದಿದ್ದರೆ, ನಿದ್ದೆ ಬರದಿದ್ದರೆ ವಿಶ್ವವಿದ್ಯಾಲಯದಲ್ಲಿಯೂ ಹಾಗೆಯೇ ಬಿಡಿಸಿ ಹೇಳು. ಇಲ್ಲಿ ಮುಖ ನೋಡಿ ಅರ್ಥ ಮಾಡಿಕೊಳ್ಳುವವರಿಲ್ಲ, ಹೇಳಿದರೆ ಸಹಾಯ ಸಿಗುತ್ತದೆ.

ನಿನ್ನ ಅಮ್ಮ ದಿನವೂ ಊಟ ಆಯಿತೇ ಎಂದು ಕೇಳುತ್ತಾರೆ, ಅದನ್ನೇ ಎಷ್ಟು ಸಲ ಹೇಳುವುದು ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀಯೆ. ಹೇಳು ತಮ್ಮಾ. ಏನು ಉಂಡೆ, ಉಪ್ಪು ಹೆಚ್ಚಾಯಿತೇ, ಎಲ್ಲ ಹೇಳು. ನೀನೂ ಅವರನ್ನು ಕೇಳು.

ರಾಗಿ ಹಿಟ್ಟು ನಮ್ಮಲ್ಲಿ ಎರಡು ಚೀಲ ಇದೆ. ಶನಿವಾರ ಬಂದು ಒಂದನ್ನು ತೆಗೆದುಕೊಂಡು ಹೋಗು. ಮಧ್ಯಾಹ್ನ ಒಂದು ಗಂಟೆಯೊಳಗೆ ಬಾ, ಬಸ್ಸಾರು ಮಾಡಿರುತ್ತೇವೆ.