ಕೆಲಸ ಬಿಡಬೇಡಿ, ಕರೆಂಟ್ ವೈರ್ ಅಳಿಸಬೇಡಿ

ಡ್ರಾಯಿಂಗ್ ಟೀಚರ್ ಕೆಲಸ ಬಿಟ್ಟು ಬೆಂಗಳೂರು ಪೇಟೆಯ ಹಳೇ ಮನೆಗಳ ಚಿತ್ರ ಬರೆಯೋಕೆ ಪೂರ್ತಿ ಇಳಿಯಲಾ, ಇಲ್ಲ ಸದ್ಯಕ್ಕೆ ಫೋಟೋ ತೆಗೆದಿಟ್ಟುಕೊಂಡು ಆಮೇಲೆ ನಿಧಾನಕ್ಕೆ ಬರೆಯಲಾ ಅಂತ ಕೇಳಿದ್ದೀರಿ. ಹನ್ನೆರಡು ವರ್ಷದ ಹಿಂದೆ ನನ್ನ ತಲೆಯಲ್ಲೂ ಇದೇ ಓಡುತ್ತಿತ್ತು. ಮೇಷ್ಟ್ರ ಕೆಲಸ ಇಟ್ಟುಕೊಂಡೆ, ಫೋಟೋ ದಾರಿ ಹಿಡಿದೆ. ಮೊದಲನೆಯದು ಸರಿ ಇತ್ತು. ಎರಡನೆಯದು ಇವತ್ತಿಗೂ ನೋಯಿಸುತ್ತದೆ.

ಪ್ರತಿ ಭಾನುವಾರ ಬೆಳಗ್ಗೆ ಆರೂವರೆಗೆಲ್ಲ ಪೇಟೆಯಲ್ಲಿ ಇರುತ್ತಿದ್ದೆ. ಬಳೇಪೇಟೆ, ಅಕ್ಕಿಪೇಟೆ, ಕುಂಬಾರಪೇಟೆ, ನಗರ್ತಪೇಟೆ. ಅಂಗಡಿ ತೆಗೆಯೋಕೆ ಮುಂಚೆ ಜನ ಇರಲ್ಲ, ಫೋಟೋ ಚೆನ್ನಾಗಿ ಬರುತ್ತದೆ ಅಂತ. ಮನೆಗೆ ಬಂದು ಅದನ್ನು ನೋಡಿಕೊಂಡು ವಾಟರ್‌ಕಲರ್ ಮಾಡುತ್ತಿದ್ದೆ. ಬರೆಯುವಾಗ ಕರೆಂಟ್ ವೈರ್ ತೆಗೆದುಹಾಕುತ್ತಿದ್ದೆ. ಸ್ಕೂಟರ್ ತೆಗೆಯುತ್ತಿದ್ದೆ. ತುಕ್ಕು ಹಿಡಿದ ಬೋರ್ಡು, ಶಟರು, ಗೋಡೆ ಮೇಲಿನ ಪೋಸ್ಟರು, ಯಾವುದನ್ನೂ ಉಳಿಸುತ್ತಿರಲಿಲ್ಲ. ಹೆಂಚು, ಮರದ ಕಂಬ, ಜಗಲಿ ಇಷ್ಟೇ ಇರಬೇಕು. ಹಳೇ ಬೆಂಗಳೂರು ಹಾಗಿತ್ತು ಅಂತ ನಂಬಿದ್ದೆ. ಕುಂಬಾರಪೇಟೆ ಅಂತ ಹೆಸರು ಬರೆದ ಚಿತ್ರದಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ!

ಎರಡು ವರ್ಷದಲ್ಲಿ ನಲವತ್ತು ಚಿತ್ರ ಆಯಿತು. ಒಂದು ಸಣ್ಣ ಪ್ರದರ್ಶನ ಇಟ್ಟೆ. ಎರಡನೇ ದಿನ ಒಬ್ಬ ಹೆಂಗಸು ಬಳೇಪೇಟೆಯ ಚಿತ್ರದ ಮುಂದೆ ತುಂಬಾ ಹೊತ್ತು ನಿಂತಿದ್ದರು. ಆಮೇಲೆ ಕರೆದು ಕೇಳಿದರು, "ಸರ್, ಇದು ನಮ್ಮ ತಾತನ ಅಂಗಡಿ. ಹಾರ್ಮೋನಿಯಂ ರಿಪೇರಿ ಮಾಡೋರು. ಮೆಟ್ಟಿಲ ಕಲ್ಲಲ್ಲಿ ಗುಂಡಿ ಇತ್ತಲ್ಲ, ಅದೆಲ್ಲಿ?"

ಅವರ ತಾತ ಐವತ್ತು ವರ್ಷ ಅದೇ ಮೆಟ್ಟಿಲ ಮೇಲೆ ಉಳಿ ಮಸೆದಿದ್ದರಂತೆ. ಮಸೆದು ಮಸೆದು ಕಲ್ಲಿನಲ್ಲಿ ಅಂಗೈಯಷ್ಟು ಗುಂಡಿ ಬಿದ್ದಿತ್ತಂತೆ. ಚಿಕ್ಕವರಿದ್ದಾಗ ಇವರು ಮಳೆ ನಿಂತ ಮೇಲೆ ಅದರಲ್ಲಿ ನಿಂತ ನೀರಿಗೆ ಬೆರಳು ಅದ್ದಿ ಆಡುತ್ತಿದ್ದರಂತೆ. ನನ್ನ ಚಿತ್ರದಲ್ಲಿ ಮೆಟ್ಟಿಲು ನುಣ್ಣಗೆ, ನೇರವಾಗಿ ಇತ್ತು. ಕಲ್ಲು ಒಡೆದಿದೆ ಅಂದುಕೊಂಡು ನಾನೇ ಸರಿ ಮಾಡಿದ್ದೆ. ಮನೆಗೆ ಹೋಗಿ ಫೋಟೋ ತೆಗೆದು ನೋಡಿದೆ. ಆ ಜಾಗದ ಮೇಲೆ ಸ್ಕೂಟರಿನ ನೆರಳು ಬಿದ್ದು ಪೂರ್ತಿ ಕಪ್ಪಾಗಿತ್ತು. ಮಾರನೇ ಭಾನುವಾರ ಓಡಿದೆ. ಅಷ್ಟು ಹೊತ್ತಿಗೆ ಅಂಗಡಿ ಒಡೆದು ನಾಲ್ಕು ತಿಂಗಳಾಗಿತ್ತು.

ಇದನ್ನು ಇಷ್ಟು ಬಿಡಿಸಿ ಹೇಳೋಕೆ ಕಾರಣ ಇದೆ. ನನ್ನ ತಪ್ಪು ಫೋಟೋ ತೆಗೆದದ್ದು ಮಾತ್ರ ಅಲ್ಲ. ಜನ ಇಲ್ಲದ ಹೊತ್ತು ನೋಡಿ ಹೋದೆನಲ್ಲ, ಅದು. ಅಂಗಡಿ ತೆರೆದಿರುವಾಗ ಹೋಗಿದ್ದರೆ ಯಾರಾದರೂ ಆ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಕೇಳಿದ್ದರೆ ಹೇಳುತ್ತಿದ್ದರು. ಒಂದು ಡ್ರಾಯಿಂಗ್ ಶೀಟ್ ಇಟ್ಟು ಇದ್ದಿಲು ಉಜ್ಜಿದ್ದರೆ ಆ ಗುಂಡಿಯ ಅಚ್ಚಾದರೂ ಉಳಿಯುತ್ತಿತ್ತು. ಎರಡು ನಿಮಿಷದ ಕೆಲಸ ಅದು. ಆಮೇಲೆ ಆ ಮೆಟ್ಟಿಲನ್ನು ನೆನಪಿನಿಂದ ಬರೆಯೋಕೆ ಮೂರು ಸಲ ಕೂತೆ. ಗುಂಡಿ ಎಡಗಡೆ ಇತ್ತಾ ಬಲಗಡೆ ಇತ್ತಾ ಅನ್ನೋದೇ ಗೊತ್ತಾಗಲಿಲ್ಲ.

ಇನ್ನು ಕೆಲಸದ ಮಾತು. ಖಂಡಿತ ಬಿಡಬೇಡಿ. "ನಮ್ಮ ಸ್ಕೂಲಿರೋದು ಹೊಸ ಬಡಾವಣೆಯಲ್ಲಿ, ಅಲ್ಲಿ ನೆನಪು ಅನ್ನೋದೇ ಇಲ್ಲ" ಅಂತ ಬರೆದಿದ್ದೀರಿ. ಇದನ್ನು ನಾನು ಒಪ್ಪಲ್ಲ. ಕೋರಮಂಗಲದ ನ್ಯಾಷನಲ್ ಗೇಮ್ಸ್ ವಿಲೇಜ್ ಕಟ್ಟಿರುವುದು ಕೆರೆ ಇದ್ದ ಜಾಗದಲ್ಲಿ. ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆಯ ಮೇಲಿದೆ. ಅಷ್ಟು ದೊಡ್ಡ ಕೆರೆಯಲ್ಲಿ ಉಳಿದಿರುವುದು ಕರಗಕ್ಕೆ ಬೇಕು ಅಂತ ಬಿಟ್ಟ ಒಂದು ಸಣ್ಣ ಕೊಳ.

ಇದನ್ನೆಲ್ಲ ಹುಡುಕುವಂತೆ ಮಾಡಿದ್ದು ಏಳನೇ ಕ್ಲಾಸಿನ ಒಬ್ಬ ಹುಡುಗ. ಆಗ ನಾನು ಮೆಜೆಸ್ಟಿಕ್ ಹತ್ತಿರದ ಶಾಲೆಯಲ್ಲಿದ್ದೆ. ಮನೆಯಿಂದ ಶಾಲೆಗೆ ಬರುವ ದಾರಿಯನ್ನು ನೋಡದೇ ಬರೆಯಿರಿ ಅಂದೆ. ಅವನು ಬಸ್ ಸ್ಟ್ಯಾಂಡ್ ಪಕ್ಕದ ರಸ್ತೆಗೆ 'ಟ್ಯಾಂಕ್ ಬಂಡ್ ರೋಡ್' ಅಂತ ಹೆಸರು ಬರೆದು, "ಟ್ಯಾಂಕ್ ಅಂದ್ರೆ ಕೆರೆ, ಬಂಡ್ ಅಂದ್ರೆ ಏರಿ ಅಲ್ವಾ ಸರ್? ಕೆರೆ ಎಲ್ಲಿದೆ?" ಅಂತ ಕೇಳಿದ. ಒಂಬತ್ತು ವರ್ಷ ಆ ರಸ್ತೆಯಲ್ಲಿ ಓಡಾಡಿದ್ದೆ. ಒಂದು ದಿನವೂ ನನಗೆ ಈ ಪ್ರಶ್ನೆ ಬಂದಿರಲಿಲ್ಲ.

ಕೆರೆ ಅಲ್ಲೇ ಇತ್ತು, ಧರ್ಮಾಂಬುಧಿ ಕೆರೆ. ಪೇಟೆಗೆ ನೀರು ಕೊಟ್ಟ ಕೆರೆ ಅದು. 1890ರ ದಶಕದಲ್ಲಿ ಹೆಸರಘಟ್ಟದಿಂದ ಪೈಪಿನಲ್ಲಿ ನೀರು ಬಂದ ಮೇಲೆ ಅದನ್ನು ಕೇಳುವವರು ಕಮ್ಮಿಯಾದರು. ಕೆರೆ ಒಣಗಿತು, ಮೈದಾನ ಆಯಿತು, ಆಮೇಲೆ ಬಸ್ ಸ್ಟ್ಯಾಂಡ್ ಆಯಿತು. ಅಣ್ಣಮ್ಮನ ಗುಡಿ ಅದರ ದಂಡೆಯಲ್ಲಿತ್ತು. ಮಕ್ಕಳಿಗೆ ಮನೆಯಲ್ಲಿ ಅಜ್ಜಿ ತಾತನ್ನ ಕೇಳಿಕೊಂಡು ಬನ್ನಿ ಅಂದೆ. ಹೂವು ಮಾರುವವರ ಮನೆಯ ಹುಡುಗಿ ಮಾರನೇ ವಾರ ಒಂದು ಚಿತ್ರ ತಂದಳು. ಬಿಎಂಟಿಸಿ ಬಸ್ಸುಗಳೆಲ್ಲ ಸಾಲಾಗಿ ಮೊಣಕಾಲುದ್ದ ನೀರಿನಲ್ಲಿ ನಿಂತಿವೆ, ಕಂಡಕ್ಟರ್ ಪ್ಯಾಂಟ್ ಮಡಚಿಕೊಂಡಿದ್ದಾನೆ. ನನ್ನ ನಲವತ್ತು ಚಿತ್ರದಲ್ಲಿ ಇಲ್ಲದ್ದು ಅದರಲ್ಲಿತ್ತು. ಈಗಲೂ ಅದನ್ನು ನನ್ನ ಮೇಜಿನ ಮೇಲೆ ಅಂಟಿಸಿಕೊಂಡಿದ್ದೇನೆ.

ಕೆಲಸ ಬಿಟ್ಟರೆ ಈ ಮಕ್ಕಳು ಎಲ್ಲಿ ಸಿಗುತ್ತಾರೆ ಹೇಳಿ? ಒಂದೊಂದು ಮಗುವಿನ ಹಿಂದೆ ಒಂದೊಂದು ಮನೆ ಇದೆ, ಆ ಮನೆಯಲ್ಲಿ ಮಾತಾಡುವ ಹಿರಿಯರು ಇದ್ದಾರೆ. ನೀವೊಬ್ಬರೇ ಪೇಟೆಯಲ್ಲಿ ಹತ್ತು ವರ್ಷ ಸುತ್ತಿದರೂ ಅಷ್ಟು ಜನ ನಿಮಗೆ ಬಾಗಿಲು ತೆಗೆಯಲ್ಲ.

ಫೋಟೋ ತೆಗೆಯಿರಿ, ಹೆಂಚಿನ ಸಾಲು ಎಣಿಸೋಕೆ ಬೇಕಾಗುತ್ತದೆ. ಆದರೆ ಚಿತ್ರ ಅಲ್ಲೇ ಕೂತು ಬರೆಯಿರಿ, ಆ ಮನೆ, ಅಂಗಡಿಯವರನ್ನು ಕೇಳಿ ಕೂರಿ. ಯಾರು ಏನು ಹೇಳಿದರು ಅಂತ ಹಾಳೆಯ ಹಿಂದೆ ತಾರೀಖು ಹಾಕಿ ಬರೆದಿಡಿ. ಅವರ ಮಾತಿನಲ್ಲೇ ಬರೆಯಿರಿ, ತಿದ್ದಬೇಡಿ. ಪೆನ್ಸಿಲ್ಲೋ ಇಂಕೋ ಅಂತ ಜಾಸ್ತಿ ಯೋಚನೆ ಮಾಡಬೇಡಿ.

ಅಕ್ಕಿಪೇಟೆಯ ಮೂಲೆ ಮನೆ ಮುಂದಿನ ತಿಂಗಳು ಒಡೆಯುತ್ತಾರೆ ಅಂದಿದ್ದೀರಲ್ಲ, ಈ ಶನಿವಾರ ಸ್ಕೂಲು ಬಿಟ್ಟ ತಕ್ಷಣ ಅಲ್ಲಿಗೆ ಹೋಗಿ. ಕೆಳಗಿನ ಅಂಗಡಿ ತೆರೆದಿರುತ್ತದೆ. ಹೋದವರು ಮೊದಲು ಮೆಟ್ಟಿಲು ನೋಡಿ.