ಎಚ್-4ರಲ್ಲಿದ್ದು ಸಿಎನ್‌ಸಿ ಕಲಿಯಬಹುದಾ ಎಂದು ಕೇಳಿದ ತಮ್ಮನಿಗೆ

ಹಾಸನದ ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮಾಡಿದ್ದೀರಿ. ಹೆಂಡತಿಗೆ ಕೆಲಸದ ವೀಸಾ ಎಚ್-1ಬಿ, ನಿಮ್ಮದು ಅವರ ಜೊತೆ ಬಂದವರಿಗೆ ಕೊಡುವ ಎಚ್-4. ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾಕ್ಕೆ ಬಂದು ಎರಡು ತಿಂಗಳು. ಇಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ಸಿಎನ್‌ಸಿ ಮಷೀನಿಂಗ್ (ಕಂಪ್ಯೂಟರ್ ನಡೆಸುವ ಯಂತ್ರದಲ್ಲಿ ಲೋಹ ಕತ್ತರಿಸುವ ಕೆಲಸ) ಸೇರಬಹುದಾ, ಫೀಸ್ ಎಷ್ಟು, ಕೆಲಸ ಸಿಗುತ್ತಾ ಎಂದು ಕೇಳಿದ್ದೀರಿ. ಜೊತೆಗೆ, "ಅಮೆರಿಕಕ್ಕೆ ಹೋಗಿ ಮತ್ತೆ ಲೇತ್ ಮುಂದೆ ನಿಂತ್ಯಾ ಅಂತ ಊರಲ್ಲಿ ಕೇಳ್ತಾರೆ ಅಣ್ಣಾ" ಎಂದೂ ಬರೆದಿದ್ದೀರಿ.

ಸೇರಿಕೊಳ್ಳಿ. ಎಚ್-4ರಲ್ಲಿ ಓದೋಕೆ ಬೇರೆ ವೀಸಾ ಬೇಡ. ಇಡೀ ದಿನ ಓದಿದರೂ ಸರಿ, ವಾರಕ್ಕೆ ಎರಡು ಸಂಜೆ ಹೋದರೂ ಸರಿ. ವಯಸ್ಸು 18 ದಾಟಿದ್ದರೆ ಸಾಕು, ಪ್ರವೇಶ ಪರೀಕ್ಷೆ, ಸಿಇಟಿ, ಕಟ್ಆಫ್ ಅಂತ ಏನೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇಂಥ 116 ಸರ್ಕಾರಿ ಕಾಲೇಜುಗಳಿವೆ. ನಿಮ್ಮ ಮನೆ ಹತ್ತಿರವೇ ಕ್ಯುಪರ್ಟಿನೊದ ಡಿ ಆಂಜಾದಲ್ಲಿ ಸಿಎನ್‌ಸಿ ಇದೆ. ಸ್ಯಾನ್ ಹೊಸೆ ಸಿಟಿ ಕಾಲೇಜ್, ಹೇವರ್ಡ್‌ನ ಶಾಬೋ, ಓಕ್ಲೆಂಡ್‌ನ ಲೇನಿಯಲ್ಲೂ ಮಷೀನ್ ಶಾಪ್ ಇದೆ.

ಫೀಸ್ ವಿಷಯ. ಕೋರ್ಸಿನ ಗಾತ್ರವನ್ನು ಇಲ್ಲಿ ಯೂನಿಟ್ ಲೆಕ್ಕದಲ್ಲಿ ಹೇಳುತ್ತಾರೆ. ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್, 2012ರಿಂದ ಅಷ್ಟೇ ಇದೆ. ಡಿ ಆಂಜಾದಲ್ಲಿ ಸೆಮಿಸ್ಟರ್ ಬದಲು ಕ್ವಾರ್ಟರ್ ಪದ್ಧತಿ, ಯೂನಿಟ್ ಚಿಕ್ಕದು, ಹಾಗಾಗಿ ಅಲ್ಲಿ ಯೂನಿಟ್‌ಗೆ 31. ನಿವಾಸಿ ಅಲ್ಲದವರಿಗೆ ಇದರ ಎಷ್ಟೋ ಪಟ್ಟು. ಎಚ್-4ನವರು ಇಲ್ಲಿ ಒಂದು ವರ್ಷ ಒಂದು ದಿನ ಇದ್ದು, ಇಲ್ಲೇ ನೆಲೆಸುವ ಉದ್ದೇಶವನ್ನು ಕಾಗದದಲ್ಲಿ ತೋರಿಸಿದರೆ ನಿವಾಸಿ ದರ ಸಿಗುತ್ತದೆ. ಆ ಕಾಗದಗಳನ್ನು ಈ ವಾರವೇ ಶುರು ಮಾಡಿ. ಬಾಡಿಗೆ ಕರಾರಿನಲ್ಲಿ ನಿಮ್ಮ ಹೆಸರೂ ಇರಲಿ, ಬ್ಯಾಂಕ್ ಖಾತೆ ಇಬ್ಬರ ಹೆಸರಲ್ಲೂ ಇರಲಿ. ಡ್ರೈವಿಂಗ್ ಲೈಸೆನ್ಸ್ ಬೇಗ ಮಾಡಿಸಿ, ರಾಜ್ಯದ ಟ್ಯಾಕ್ಸ್ ರಿಟರ್ನ್ ಜೊತೆಯಾಗಿ ಹಾಕಿ. ನಮ್ಮ ಮನೆಗಳಲ್ಲಿ ಎಲ್ಲವೂ ದುಡಿಯುವವರ ಹೆಸರಲ್ಲೇ ಇರುತ್ತದೆ, ಮಿಕ್ಕವರಿಗೆ ತಾವು ಇಲ್ಲಿದ್ದೇವೆ ಎನ್ನೋಕೂ ಒಂದು ಚೀಟಿ ಇರಲ್ಲ.

ನಾನು 2009ರಲ್ಲಿ ನಿಮ್ಮ ಹಾಗೇ ಬಂದವನು. ಹೆಂಡತಿ ಸಾಫ್ಟ್‌ವೇರ್, ನಾನು ಪೀಣ್ಯದಲ್ಲಿ ಜಾಬ್ ವರ್ಕ್ ಮಾಡುತ್ತಿದ್ದ ಒಂದು ಶಾಪಿನಲ್ಲಿ ಮಷೀನಿಗೆ ಟೂಲ್ ಕೂರಿಸಿ ಸಿದ್ಧ ಮಾಡುವ ಸೆಟ್ಟರ್. ಅವಳು ಬೆಳಿಗ್ಗೆ ಹೊರಟರೆ ಮನೆಯಲ್ಲಿ ನಾನು, ಫ್ರಿಜ್ಜಿನ ಸದ್ದು. ಆ ಕಾಲಕ್ಕೆ ಎಚ್-4 ಇದ್ದವರಿಗೆ ವರ್ಕ್ ಪರ್ಮಿಟ್ ಎಂಬುದೇ ಇರಲಿಲ್ಲ. ದುಡಿಮೆ ಇಲ್ಲದ ಗಂಡಸಿಗೆ ನಮ್ಮ ಕಡೆ ಏನು ಬೆಲೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಊರಿಗೆ ಫೋನ್ ಮಾಡೋಕೇ ಮನಸ್ಸಾಗುತ್ತಿರಲಿಲ್ಲ. ನನ್ನನ್ನು ಎತ್ತಿ ನಿಲ್ಲಿಸಿದ್ದು ಕಾಲೇಜಿನ ಸಂಜೆ ಕ್ಲಾಸು. ಬಾಗಿಲು ತೆಗೆದ ಕೂಡಲೇ ಕೂಲಂಟ್ ವಾಸನೆ ಬಂತು. ಅಪ್ಪ ಪೀಣ್ಯದಲ್ಲಿ ಟರ್ನರ್ ಆಗಿದ್ದರು, ಅವರ ಅಂಗಿಯದ್ದೂ ಅದೇ ವಾಸನೆ.

ಕ್ಲಾಸಿನಲ್ಲಿ ಯಾರಿದ್ದರು ಗೊತ್ತಾ? ಹೈಸ್ಕೂಲ್ ಮುಗಿಸಿದ ಹುಡುಗರು, ಸೈನ್ಯದಿಂದ ಬಂದವರು, ಹಗಲು ಕೆಲಸ ಮಾಡಿ ಬರುವ ವಿಯೆಟ್ನಾಂ ಕಡೆಯ ಹೆಂಗಸು, ತಲೆ ನೆರೆತ ಎಂಜಿನಿಯರ್. ಪಕ್ಕದವರು ಯಾಕೆ ಬಂದಿದ್ದಾರೆ ಅಂತ ಯಾರೂ ಕೇಳುತ್ತಿರಲಿಲ್ಲ. ನಮ್ಮಲ್ಲಿ ಐಟಿಐ, ಡಿಪ್ಲೊಮಾ ಅಂದರೆ ಬಿಇ ಸೀಟು ಸಿಗದವರು ಎಂಬ ಲೆಕ್ಕ ಇದೆಯಲ್ಲ, ಅದನ್ನು ನೀವು ಇಲ್ಲಿಗೂ ಹೊತ್ತು ತರಬೇಡಿ.

ನಿಮ್ಮ ಕೈಗೆ ತರಬೇತಿ ಆಗಿಯೇ ಇದೆ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದ ಜಿಟಿಟಿಸಿಯಲ್ಲಿ ಫೈಲ್ ಹಿಡಿದು ಕಲಿತವರಿಗೆ ಇಲ್ಲಿನ ಮೊದಲ ಮಷೀನಿಂಗ್ ಕ್ಲಾಸ್ ಸುಲಭ. ಮೇಷ್ಟ್ರಿಗೆ ಡಿಪ್ಲೊಮಾ ತೋರಿಸಿ, ಬೇಸಿಕ್ ಕ್ಲಾಸ್ ಬಿಟ್ಟು ಮುಂದಿನದಕ್ಕೆ ಸೇರಿಸಿಕೊಳ್ಳುತ್ತಾರಾ ಕೇಳಿ. ಆದರೆ ಬ್ಲೂಪ್ರಿಂಟ್ ಓದುವ ಕ್ಲಾಸ್ ಮಾತ್ರ ಬಿಡಬೇಡಿ. ಡ್ರಾಯಿಂಗ್ ಬರೆಯುವ ಪದ್ಧತಿಯಲ್ಲಿ ನಾವು ಕಲಿತದ್ದು ಫಸ್ಟ್ ಆ್ಯಂಗಲ್, ಇಲ್ಲಿ ಎಲ್ಲ ಥರ್ಡ್ ಆ್ಯಂಗಲ್. ನಮ್ಮ ಡ್ರಾಯಿಂಗಿನಲ್ಲಿ ಮೇಲಿನಿಂದ ನೋಡಿದ್ದು ಕೆಳಗೆ ಇರುತ್ತದೆ, ಬಲಗಡೆಯಿಂದ ನೋಡಿದ್ದು ಎಡಕ್ಕೆ ಇರುತ್ತದೆ. ಇಲ್ಲಿ ಮೇಲಿನದು ಮೇಲೇ, ಬಲದ್ದು ಬಲಕ್ಕೇ. ಹಾಳೆಯ ಮೂಲೆಯಲ್ಲಿ ತುದಿ ಕತ್ತರಿಸಿದ ಕೋನ್ ಮತ್ತು ಎರಡು ವೃತ್ತದ ಚಿಹ್ನೆ ಇರುತ್ತದೆ. ಮೊದಲು ಕಣ್ಣು ಅಲ್ಲಿಗೆ ಹೋಗಬೇಕು. ಆಮೇಲೆ ಇಂಚು. ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಹೆಚ್ಚುಕಮ್ಮಿ) .005 ಅಂತ ಬರೆದಿದ್ದರೆ ನಮ್ಮ ಲೆಕ್ಕದಲ್ಲಿ 127 ಮೈಕ್ರಾನ್. ಎಂ6 ಟ್ಯಾಪ್ ಇರಬೇಕಾದ ಕಡೆ ಕಾಲು ಇಂಚು ವ್ಯಾಸದ, ಇಂಚಿಗೆ 20 ಥ್ರೆಡ್‌ನ ಟ್ಯಾಪ್ ಇರುತ್ತದೆ. ಪ್ರತಿ ಸಲ ಮಿಲಿಮೀಟರಿಗೆ ತಿರುಗಿಸುತ್ತಾ ಕೂರಬೇಡಿ, ಇಂಚಿನ ಮೈಕ್ರೋಮೀಟರ್ ಒಂದು ಕೊಂಡು ಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ಅಳೆಯಿರಿ. ಸ್ವಲ್ಪ ದಿನಕ್ಕೆ ಕೈಗೇ ಗೊತ್ತಾಗುತ್ತೆ.

ಹೊಸಬರಿಗೆ ರಿಜಿಸ್ಟ್ರೇಷನ್ ತಾರೀಖು ಕೊನೆಯಲ್ಲಿ ಬರುತ್ತದೆ, ಅಷ್ಟರಲ್ಲಿ ಲ್ಯಾಬ್ ಸೀಟು ತುಂಬಿರುತ್ತದೆ. ವೇಟ್‌ಲಿಸ್ಟ್‌ನಲ್ಲಿ ಹೆಸರು ಹಾಕಿ ಮೊದಲ ದಿನ ಹೋಗಿ ಕೂತುಕೊಳ್ಳಿ. ಬರದವರ ಜಾಗ ಮೇಷ್ಟ್ರು ನಿಮಗೆ ಕೊಡಬಹುದು. ಸಿಎನ್‌ಸಿ ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರ್ ಮಾಸ್ಟರ್‌ಕ್ಯಾಮ್ ಕಲಿಯಿರಿ. ಲೋಹದ ಕೆಲಸದ ಕೌಶಲಕ್ಕೆ ಇಲ್ಲಿ ಕೊಡುವ ನಿಮ್ಸ್ ಸರ್ಟಿಫಿಕೇಟ್‌ಗೆ ಪಾರ್ಟ್ ಮಾಡಿ ತೋರಿಸಬೇಕು, ಅದನ್ನೂ ತೆಗೆದುಕೊಳ್ಳಿ.

ಈಗ ಕೆಲಸದ ಮಾತು. 2015ರ ಮೇ 26ರಿಂದ ಎಚ್-4ನವರಲ್ಲಿ ಕೆಲವರಿಗೆ ವರ್ಕ್ ಪರ್ಮಿಟ್ ಕೊಡಲು ಶುರು ಮಾಡಿದರು. ಮುಖ್ಯವಾಗಿ ನಿಮ್ಮ ಹೆಂಡತಿಯ ಐ-140, ಅಂದರೆ ಗ್ರೀನ್ ಕಾರ್ಡಿಗೆ ಕಂಪನಿ ಹಾಕುವ ಅರ್ಜಿ, ಮಂಜೂರಾಗಿರಬೇಕು. ಅವರ ಕಂಪನಿ ಗ್ರೀನ್ ಕಾರ್ಡ್ ಕೆಲಸ ಯಾವಾಗ ಶುರು ಮಾಡುತ್ತದೆ ಎಂದು ಈಗಲೇ ಕೇಳಿಸಿ, ಸಂಕೋಚ ಬೇಡ. ವರ್ಕ್ ಪರ್ಮಿಟ್ ಕಾರ್ಡ್ ಕೈಗೆ ಬರುವವರೆಗೆ ಎಲ್ಲೂ ಕೆಲಸಕ್ಕೆ ನಿಲ್ಲಬೇಡಿ. ಸಂಬಳ ಬೇಡ, ಸುಮ್ನೆ ಕಲಿಯೋಕೆ ಬರ್ತೀನಿ ಅಂತಲೂ ಶಾಪಿಗೆ ಹೋಗಬೇಡಿ. ಅದು ಇಬ್ಬರ ವೀಸಾಕ್ಕೂ ಕುತ್ತು ತರಬಹುದು.

ಪರ್ಮಿಟ್ ಬಂದರೆ ಮುಗಿಯಿತು ಎಂದೇ ನಾನೂ ತಿಳಿದಿದ್ದೆ. ಕಾರ್ಡ್ ಬಂದ ಮೇಲೆ ಒಂದು ಶಾಪಿನವರು ಟ್ರಯಲ್‌ಗೆ ಕರೆದರು. ಫೋರ್‌ಮನ್ ಅಲ್ಯೂಮಿನಿಯಂ ಬ್ಲಾಕ್ ಒಂದನ್ನೂ ಅಭ್ಯಾಸದ ಡ್ರಾಯಿಂಗ್ ಒಂದನ್ನೂ ಕೊಟ್ಟರು. ವೈಸ್ ಮೇಲೆ ಡಯಲ್ ಓಡಿಸಿ ನೇರ ಮಾಡಿದೆ, ಟೂಲ್ ಮುಟ್ಟಿಸಿ ಆಫ್‌ಸೆಟ್ ಹಾಕಿದೆ, ಪಾರ್ಟ್ ತೆಗೆದು ಅಂಚಿನ ಬರ್ ಉಜ್ಜಿ ಕೊಟ್ಟೆ. ಅವರು ಬೋರ್ ಅಳೆದರು, ಇನ್ನೊಂದು ಸಲ ಅಳೆದರು, ನಕ್ಕರು. ಒಳಗಿದ್ದ, ಐದು ಅಕ್ಷಗಳಲ್ಲಿ ಚಲಿಸಿ ಕತ್ತರಿಸುವ ಫೈವ್ ಆ್ಯಕ್ಸಿಸ್ ಮಷೀನ್ ತೋರಿಸಿ, ಇದರ ಮೇಲೆ ನಿಮಗೆ ಕಲಿಸ್ತೀನಿ ಅಂದರು. ಆಮೇಲೆ ಆಫೀಸಿನಿಂದ ಒಂದು ಫಾರ್ಮ್ ಬಂತು. ನೀವು ಅಮೆರಿಕದ ಪ್ರಜೆಯಾ, ಗ್ರೀನ್ ಕಾರ್ಡ್ ಇದೆಯಾ ಎಂದು ಕೇಳಿತ್ತು. ನನ್ನದು ಎರಡೂ ಅಲ್ಲ.

ಅದು ಐಟಾರ್ ಎಂಬ ಕಾನೂನು. ಆಯುಧ, ಯುದ್ಧವಿಮಾನ, ಸೇನೆಗೆ ಸೇರಿದ ಬಿಡಿಭಾಗಗಳ ಡ್ರಾಯಿಂಗನ್ನು ಹೊರದೇಶದವರಿಗೆ ತೋರಿಸಿದರೆ, ಇದೇ ಊರಿನ ಶಾಪಿನೊಳಗೆ ತೋರಿಸಿದರೂ, ರಫ್ತು ಮಾಡಿದಂತೆ. ಸರ್ಕಾರದಿಂದ ಪ್ರತ್ಯೇಕ ಲೈಸೆನ್ಸ್ ಪಡೆಯದೆ ತೋರಿಸುವ ಹಾಗಿಲ್ಲ. ಪ್ರಜೆಗಳು, ಗ್ರೀನ್ ಕಾರ್ಡ್ ಇದ್ದವರು, ನಿರಾಶ್ರಿತರಾಗಿ ಆಶ್ರಯ ಪಡೆದವರು ನೋಡಬಹುದು. ವರ್ಕ್ ಪರ್ಮಿಟ್ ಇದ್ದ ಮಾತ್ರಕ್ಕೆ ನಾವು ನೋಡುವಂತಿಲ್ಲ. ಸಣ್ಣ ಶಾಪಿನವರು ಒಬ್ಬ ಕೆಲಸಗಾರನಿಗೋಸ್ಕರ ಲೈಸೆನ್ಸ್ ಹಿಂದೆ ಓಡಾಡುತ್ತಾರಾ? ಫೋರ್‌ಮನ್‌ಗೂ ಬೇಜಾರಾಯಿತು, ಬಾಗಿಲವರೆಗೆ ಬಂದು ಕೈ ಕುಲುಕಿದರು. ಕೈಯಲ್ಲಿ ಕಸುಬು ಇದೆ, ಕಾಲೇಜಿನ ಸರ್ಟಿಫಿಕೇಟ್ ಇದೆ, ಪರ್ಮಿಟ್ ಇದೆ. ಆದರೂ ವಾಪಸ್. ಕೌನ್ಸೆಲರ್ ಇರಲಿ, ಕ್ಲಾಸಿನಲ್ಲಾಗಲೀ ಕನ್ನಡ ಕೂಟದಲ್ಲಾಗಲೀ ಯಾರೂ ಇದನ್ನು ನನಗೆ ಹೇಳಿರಲಿಲ್ಲ. ಕೂಟದಲ್ಲಿ ಎಲ್ಲರೂ ಸಾಫ್ಟ್‌ವೇರ್, ಅವರಿಗಾದರೂ ಹೇಗೆ ಗೊತ್ತಿರಬೇಕು?

ನನಗೆ ಗ್ರೀನ್ ಕಾರ್ಡ್ ಬಂದದ್ದು ಎಷ್ಟೋ ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಆ ಶಾಪು ಬೇರೆ ರಾಜ್ಯಕ್ಕೆ ಹೋಗಿತ್ತು. ಟೈಟಾನಿಯಂ ಮೇಲೆ ಫೈವ್ ಆ್ಯಕ್ಸಿಸ್ ಕೆಲಸವನ್ನು ಆ ಫೋರ್‌ಮನ್ ಹತ್ತಿರ ಕಲಿಯಬೇಕಿತ್ತು ಎಂಬ ಕೊರಗು ಇವತ್ತಿಗೂ ಹೋಗಿಲ್ಲ.

ಹಾಗಾಗಿ ನೀವು ಮೊದಲೇ ದಾರಿ ಆರಿಸಿಕೊಳ್ಳಿ. ಜಾಹೀರಾತಿನಲ್ಲಿ "ಯುಎಸ್ ಪರ್ಸನ್" ಅಂತ ಇದ್ದರೆ ಗ್ರೀನ್ ಕಾರ್ಡ್ ಬರುವವರೆಗೆ ಅದು ನಿಮಗಲ್ಲ. ಟ್ರಯಲ್‌ಗೆ ಕರೆದರೆ ಹೋಗುವ ಮೊದಲು ಫೋನಿನಲ್ಲೇ ಐಟಾರ್ ಕೆಲಸ ಇದೆಯಾ ಎಂದು ಕೇಳಿ. ಚಿಪ್ ಮಾಡುವ ಯಂತ್ರಗಳ ಭಾಗಗಳು, ಆಸ್ಪತ್ರೆ ಉಪಕರಣಗಳ ಭಾಗಗಳನ್ನು ಮಾಡುವ ಶಾಪ್‌ಗಳಲ್ಲಿ ಈ ತೊಡಕು ಕಮ್ಮಿ. ಸಾಂತಾ ಕ್ಲಾರಾದಲ್ಲೇ ಅಪ್ಲೈಡ್ ಮೆಟೀರಿಯಲ್ಸ್ ಇದೆ, ಫ್ರಿಮಾಂಟ್‌ನಲ್ಲಿ ಲ್ಯಾಮ್ ರಿಸರ್ಚ್, ಸನಿವೇಲ್‌ನಲ್ಲಿ ಇಂಟ್ಯೂಟಿವ್ ಸರ್ಜಿಕಲ್. ಇಂಥವರಿಗೆ ಪಾರ್ಟ್ಸ್ ಮಾಡಿಕೊಡುವ ಶಾಪ್‌ಗಳು ಬೇ ಏರಿಯಾದಲ್ಲಿ ಎಷ್ಟೋ ಇವೆ. ನನಗೂ ಅನ್ನ ಕೊಟ್ಟದ್ದು ಅಂಥದ್ದೇ ಒಂದು ಶಾಪು. ಈಗ ಅಲ್ಲಿ ರಾತ್ರಿ ಪಾಳಿಗೆ ನಾನೇ ಲೀಡ್.

ಸ್ಟೂಡೆಂಟ್ ವೀಸಾದಲ್ಲಿ ಇದೇ ಕೋರ್ಸಿಗೆ ಬರಬೇಕೆಂದಿರುವ ನಿಮ್ಮ ಚಿಕ್ಕಪ್ಪನ ಮಗನಿಗೆ ಬೇಡ ಅನ್ನಿ. ಅವನಿಗೆ ಹೊರಗಿನವರ ಫೀಸ್, ಮೇಲೆ ಇಲ್ಲಿನ ಬಾಡಿಗೆ. ಆ ದುಡ್ಡಿಗೆ ಅಲ್ಲೇ ಚೆನ್ನಾಗಿ ಕಲಿಯಬಹುದು.

ಊರಿನವರ ಮಾತಿಗೆ ನೀವು ಉತ್ತರ ಹುಡುಕಬೇಕಾಗಿಲ್ಲ. ನಮ್ಮ ಅಪ್ಪ ಜೀವನಪೂರ್ತಿ ಲೇತ್ ಮುಂದೆ ನಿಂತು ಮೂವರನ್ನು ಓದಿಸಿದರು. ನನ್ನ ಸಂಬಳ ಎಷ್ಟು ಅಂತ ಅವರು ಒಂದು ದಿನವೂ ಕೇಳಲಿಲ್ಲ. ಯಾವ ಮಷೀನು, ಸ್ಪಿಂಡಲ್ ಎಷ್ಟು ಆರ್‌ಪಿಎಂ, ಫಿನಿಶ್ ಹೇಗೆ ಬರುತ್ತೆ ಅಂತ ಕೇಳುತ್ತಿದ್ದರು.

ಜಿಟಿಟಿಸಿಯ ಅಂಕಪಟ್ಟಿ ಮತ್ತು ಸಿಲಬಸ್ ಪ್ರತಿಯನ್ನು ಊರಿನಿಂದ ತರಿಸಿಕೊಳ್ಳಿ, ಮೇಷ್ಟ್ರಿಗೆ ತೋರಿಸೋಕೆ ಬೇಕಾಗುತ್ತೆ. ಶನಿವಾರ ಮಧ್ಯಾಹ್ನ ನಾನು ಮನೆಯಲ್ಲೇ ಇರುತ್ತೇನೆ. ಇಬ್ಬರೂ ಊಟಕ್ಕೆ ಬನ್ನಿ, ನನ್ನ ಹಳೇ ಇಂಚಿನ ಮೈಕ್ರೋಮೀಟರ್ ಸುಮ್ನೆ ಬಿದ್ದಿದೆ, ತಗೊಂಡು ಹೋಗಿ.